ಹಳೆಯ ಸೆಪ್ಟಿಕ್ ಟ್ಯಾಂಕಿಗೆ ಇಳಿಯುವವರಾರು?

ಒಳಚರಂಡಿ ಇನ್ನೂ ತಲುಪದ ಚೆನ್ನೈಯ ಹೊರವಲಯಗಳಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಗುಮಾಸ್ತ ಬಂಧುಗಳಿಗೆ, ಹಳೆಯ ಸೆಪ್ಟಿಕ್ ಟ್ಯಾಂಕು ಬಿರುಕುಬಿಟ್ಟಾಗ, ‘ಭಾನುವಾರ ನಾವೇ ಇಳಿದು ತೆಗೆದರಾಯಿತು, ಕೂಲಿಯಾದರೂ ಉಳಿಯುವುದು’ ಎಂದು ತೋರುವುದು ಸಹಜವೇ. ಆದರೆ ಆ ತೊಟ್ಟಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವಿರುತ್ತದೆ. ಕೊಳೆತ ಮೊಟ್ಟೆಯಂತೆ ನಾರುವ ಇದು ಹೆಚ್ಚಾದೊಡನೆ ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ, ನಾತವಡಗಿತೆಂದು ಇಳಿದವನು ಅಲ್ಲಿಯೇ ಕುಸಿಯುತ್ತಾನೆ. ಅವನನ್ನೆತ್ತಲು ಹೋದವನ ಗತಿಯೂ ಅದೇ.

ಇನ್ನು ಹೋಟೆಲುಗಳ ಮಾತು. ‘ಏ ಮಾಣಿ, ಸ್ವಲ್ಪ ಇಳಿದು ನೋಡೋ’ ಎಂದು ಯಜಮಾನರು ಹೇಳಿದರೆ, ಮಾಣಿಯು ಒಲ್ಲೆನೆನ್ನಬೇಕು. ರಕ್ಷಣಾ ಸಾಧನಗಳಿಲ್ಲದೆ ಹೀಗೆ ಯಾರನ್ನೇ ಇಳಿಸುವುದು 2013ರ ಕಾಯಿದೆಯಂತೆ ಅಪರಾಧ. ಮೊದಲ ತಪ್ಪಿಗೇ 2 ವರ್ಷಗಳವರೆಗೆ ಸೆರೆ, ಇಲ್ಲವೆ 2 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ.

ಹಳೆಯದನ್ನು ಪರವಾನಗಿಯುಳ್ಳ ಲಾರಿಯವರಿಂದ ಹೊರಗಿನಿಂದಲೇ ಹೀರಿಸಿ, ಕಲ್ಲು ಮರಳಿನಿಂದ ಮುಚ್ಚಿಸಬೇಕು. ಹೊಸದನ್ನು ಬೇಸಗೆಯಲ್ಲೇ ಹೂಳಿಸುವುದು ಲೇಸು; ಅಕ್ಟೋಬರಿನ ಬಳಿಕ ಹಿಂಗಾರು ಸುರಿದು ಅಂತರ್ಜಲವೇರಿದರೆ ಬರಿದಾದ ಪ್ಲಾಸ್ಟಿಕ್ ತೊಟ್ಟಿಯು ನೆಲದಿಂದ ಮೇಲೆದ್ದು ಬರುವುದುಂಟು. ಬಾವಿಯಿಂದ ದೂರವನ್ನು ಅಳೆಯುವುದು, ಮೇಸ್ತ್ರಿಯ ಲೆಕ್ಕವನ್ನು ಪರಿಶೀಲಿಸುವುದು, ಇವಿಷ್ಟೇ ಮನೆಯವರ ಕೆಲಸ.