ಗುಡ್ಡೆಯಿಂದ ಮರೆಯಾಗುತ್ತಿದೆ ಕೇಪುಳ: ಅಂಗಳದಲ್ಲಿ ಬೇಕು ಜಾಗ

ಕಾಸರಗೋಡು: ಮಾರ್ಚ್ ತಿಂಗಳ ಬಿಸಿಲಿಗೆ ಗುಡ್ಡೆಯ ಹುಲ್ಲೆಲ್ಲ ಕರಟಿ ಹೋಗುತ್ತದೆ. ಬಾವಿಯ ನೀರು ತಳ ಸೇರುತ್ತದೆ, ಅಂಗಳದ ಗುಲಾಬಿ ಬಾಡುತ್ತದೆ. ಅದೇ ಹೊತ್ತಿಗೆ ಮುರಕಲ್ಲಿನ ಸಂದಿಯಲ್ಲಿ ಕೆಂಪು ಗೊಂಚಲು ತುಂಬಿ ನಿಲ್ಲುವ ಗಿಡ ಕೇಪುಳ. ನೀರು ಹೊಯ್ದವರಿಲ್ಲ, ಗೊಬ್ಬರ ಹಾಕಿದವರಿಲ್ಲ. ಅದಕ್ಕೇ 'ಕೇಪುಳವನ್ನು ಯಾರಾದರೂ ನೆಡುತ್ತಾರಾ?' ಎಂದು ನಗುವವರೇ ಹೆಚ್ಚು. ಆದರೆ ಈಗ ನೆಡಲೇಬೇಕಾದ ಕಾಲ ಬಂದಿದೆ.

ಒಂದು ಹೂ, ಮೂರು ಭಾಷೆ

ಕನ್ನಡದ ಕೇಪಳ, ತುಳುವಿನ ಕೇಪುಳ, ಮಲಯಾಳದ ಚೆಕ್ಕಿ ಅಥವಾ ತೆಚ್ಚಿ ಎಲ್ಲವೂ ಒಂದೇ. ಸಸ್ಯಶಾಸ್ತ್ರಜ್ಞರಿಗೆ ಇದು ಇಕ್ಸೋರಾ ಕಾಕ್ಸೀನಿಯಾ, ಕಾಫಿಯ ಕುಟುಂಬದ ಗಿಡ. ದಕ್ಷಿಣ ಭಾರತ, ಶ್ರೀಲಂಕಾಗಳೇ ಇದರ ತವರು. ಕೊಚ್ಚಿಯ ಡಚ್ ಗವರ್ನರ್ ಆಗಿದ್ದ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರ ತನಕ 12 ಸಂಪುಟಗಳಲ್ಲಿ ಅಚ್ಚಾದ 'ಹೋರ್ತುಸ್ ಮಲಬಾರಿಕಸ್' ಗ್ರಂಥದಲ್ಲೂ ಇದಕ್ಕೆ ಜಾಗ ಸಿಕ್ಕಿದೆ.

ದೈವದ ಕೋಲಕ್ಕೆ, ತೆಯ್ಯಂ ಅಲಂಕಾರಕ್ಕೆ, ದೇವಿಯ ಪೂಜೆಗೆ ಈ ಹೂ ಬೇಕು. ಉದ್ದನೆಯ ತೊಟ್ಟನ್ನು ಹೀರಿದರೆ ಸಿಹಿ, ಮಾಗಿದ ಹಣ್ಣೂ ಮಕ್ಕಳಿಗೆ ಇಷ್ಟ. ಹೊಟ್ಟೆ ಕೆಟ್ಟರೆ ಅಡುಗೆಮನೆಯಲ್ಲಿ ಕೇಪುಳದ ತಂಬುಳಿ. ಹೂವನ್ನು ಜೀರಿಗೆ, ಕಾಳುಮೆಣಸಿನ ಜತೆ ತುಪ್ಪದಲ್ಲಿ ಹುರಿದು, ಕಾಯಿತುರಿಯೊಂದಿಗೆ ಅರೆದು ಮಜ್ಜಿಗೆಗೆ ಬೆರೆಸಿದರೆ ಆಯಿತು.

ಗುಡ್ಡೆಯೇ ಹೋದರೆ?

ಬೇಕಲ, ಚಂದ್ರಗಿರಿ ಕೋಟೆಗಳನ್ನು ಕಟ್ಟಿದ್ದು ಈ ನೆಲದ ಮುರಕಲ್ಲಿನಿಂದಲೇ. ಅಂದು ಕೈಯಿಂದ ಕಡಿದ ಕಲ್ಲನ್ನು ಇಂದು ಯಂತ್ರ ಕೊಯ್ಯುತ್ತದೆ. ಕೋರೆ ಎದ್ದ ಕಡೆ, ಜೆಸಿಬಿ ಸಮತಟ್ಟು ಮಾಡಿದ ಕಡೆ, ರಬ್ಬರ್ ಏರಿದ ಕಡೆ ಮೊದಲು ಹೋಗುವುದು ಇಂಥ ಪೊದೆಗಳೇ. 'ಬರೀ ಕಾಡು' ಎಂದು ಕಡಿದದ್ದರಲ್ಲಿ ಹಬ್ಬದ ಹೂವೂ ಇತ್ತು ಎಂಬುದು ನೆನಪಾಗುವುದು ಕೋಲದ ಮುನ್ನಾದಿನ.

ನರ್ಸರಿಯಲ್ಲಿ ಸಿಗುವುದೆಲ್ಲ ಊರ ಕೇಪುಳವಲ್ಲ. ಚೀನಾ ಮೂಲದ ಜಾತಿಗಳು, ಬೆರಕೆಯ ಕುಬ್ಜ ತಳಿಗಳೂ ಅಲ್ಲಿವೆ. ಊರಿನದರ ಎಸಳಿನ ತುದಿ ಚೂಪು, ಎಲೆಗೆ ತೊಟ್ಟು ಇಲ್ಲವೆಂಬಷ್ಟು ಗಿಡ್ಡ. ಚೀನಾದ್ದರ ಎಸಳಿನ ತುದಿ ದುಂಡಗೆ.

ನೆಡುವುದು ಹೇಗೆ?

ಗುಡ್ಡೆಯಿಂದ ಗಿಡ ಕೀಳುವುದು ಬೇಡ. ಕಲ್ಲಿನ ಸಂದಿಗೆ ಇಳಿದ ಬೇರು ತುಂಡಾಗಿಯೇ ಬರುತ್ತದೆ. ಗಿಡವೂ ಉಳಿಯದು, ಗುಡ್ಡೆಯೂ ಬರಿದು. ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ, ತೀರಾ ಎಳತೂ ಅಲ್ಲದ ಬಲಿತೂ ಅಲ್ಲದ ಗೆಲ್ಲನ್ನು ಗೇಣುದ್ದ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಊರಿ ನೆರಳಲ್ಲಿಡಿ. ನೀರು ನಿಲ್ಲಬಾರದು. ಒಂದಕ್ಕೆ ಬದಲು ನಾಲ್ಕೈದು ಊರಿದರೆ ಒಳ್ಳೆಯದು, ಎಲ್ಲವೂ ಬೇರು ಬಿಡುವುದಿಲ್ಲ. ಆಟಿ ಮುಗಿಯುವ ಹೊತ್ತಿಗೆ ಚಿಗುರಿದವನ್ನು ಸೋಣದಲ್ಲಿ ನೆಲಕ್ಕಿಳಿಸಬಹುದು.

ಜಾಗದ ಆಯ್ಕೆಯೇ ಮುಖ್ಯ. ಕೇಪುಳಕ್ಕೆ ಹುಳಿ ಗುಣದ ಕೆಂಪು ಮಣ್ಣು, ಒಳ್ಳೆಯ ಬಿಸಿಲು ಬೇಕು. ಸಿಮೆಂಟಿನ ಕಂಪೌಂಡ್ ಗೋಡೆಗೆ ತಾಗಿಸಿ ನೆಟ್ಟರೆ ಸುಣ್ಣದ ಅಂಶ ಮಣ್ಣಿಗಿಳಿದು ಗಿಡಕ್ಕೆ ಕಬ್ಬಿಣಾಂಶ ಸಿಗದೆ ಎಲೆ ಹಳದಿಯಾಗುತ್ತದೆ. ಎರಡು ಮೂರು ಅಡಿ ದೂರವಿರಲಿ. ಮೊದಲ ಬೇಸಗೆಯಲ್ಲಿ ಆಗಾಗ ನೀರು ಕೊಡಬೇಕು. ಬೇರು ಆಳಕ್ಕಿಳಿದ ಮೇಲೆ ಪಾತ್ರೆ ತೊಳೆದ ನೀರನ್ನೂ ಕೇಳುವ ಗಿಡವಲ್ಲ. ಹೂ ಬಿಡುವುದು ಗೆಲ್ಲಿನ ತುದಿಯಲ್ಲಿ. ಹೂ ಮುಗಿದಾಗ ತುದಿ ಚಿವುಟಿದರೆ ಗೆಲ್ಲು ಹೆಚ್ಚುತ್ತದೆ, ಹೂವೂ ಹೆಚ್ಚುತ್ತದೆ. ಹಿಂದೆಯೇ ಚಿಟ್ಟೆಗಳೂ ಬರುತ್ತವೆ.

ಇಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿದರೂ ಬೇಸಗೆಯಲ್ಲಿ ಕೊಡಪಾನಕ್ಕೆ ಸಾಲು ನಿಲ್ಲುವ ಮನೆಗಳಿವೆ. ಅಂಥ ಅಂಗಳಕ್ಕೆ ಒಗ್ಗುವ ಹೂ ಇದು. ಒಂದು ಗಿಡದಿಂದ ಹೋದ ಗುಡ್ಡೆ ಮರಳಿ ಬಾರದು, ನಿಜ. ಆದರೆ ಪಕ್ಕದ ಗುಡ್ಡೆಗೆ ಜೆಸಿಬಿ ಬರುವ ಮುನ್ನ ಜಾಗದವರನ್ನು ಕೇಳಿ ನಾಲ್ಕು ಗೆಲ್ಲು ತಂದರೆ, ಆ ಗುಡ್ಡೆಯ ಕೇಪುಳವಾದರೂ ಊರಲ್ಲಿ ಉಳಿದೀತು.