ಹಳೆಯ ಸಮುದ್ರದ ರಂಜಕದ ಲೆಕ್ಕ

ಬಸವನ ಬಾಗೇವಾಡಿ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಹಳೆಯ ಸಮುದ್ರದ ಪಾಠಕ್ಕೆ ಮುಖ್ಯವಾಗಿ ಬೇಕಾದದ್ದು ಎರಡು ಸಾಮಾನು: ಇಂಡಿಯ ನಿಂಬೆಹಣ್ಣು, ತಾಳಿಕೋಟಿಯ ಪರಸಿ ಕಲ್ಲಿನ ಚೂರು. ಮೊಳೆಯಿಂದ ಕಲ್ಲು ಕೆರೆದು ಆ ಪುಡಿಯ ಮೇಲೆ ರಸ ಹಿಂಡಿದರೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಸಿಂದಗಿಯ ಕರಿಕಲ್ಲಿನ ಪುಡಿಗೆ ಹಿಂಡಿದರೆ ಅಂಥದ್ದೇನೂ ಆಗುವುದಿಲ್ಲ. ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಆರಿದ ಲಾವಾ. ಇಂಡಿ, ಸಿಂದಗಿ, ಬಾಗೇವಾಡಿ ಬಹುಪಾಲು ಅದರ ಮೇಲೆಯೇ ಕೂತಿವೆ. ಮುದ್ದೇಬಿಹಾಳದತ್ತ ಹೋದಂತೆ ಆ ಲಾವಾ ತೆಳುವಾಗಿ, ಅದಕ್ಕಿಂತ ಎಷ್ಟೋ ಹಳೆಯ ಗ್ರಾನೈಟು, ಸುಣ್ಣಕಲ್ಲು ಕಾಣಿಸಿಕೊಳ್ಳುತ್ತವೆ.

ಗುಳ್ಳೆ ಬಿಡುವ ಈ ಸುಣ್ಣಕಲ್ಲು ಒಂದು ಕಾಲದ ಸಮುದ್ರದ ತಳ. ಭೀಮಾ ಶಿಲಾಸಮೂಹ ಎಂದು ಇದರ ಹೆಸರು. ತಾಳಿಕೋಟಿಯಿಂದ ಶಹಾಬಾದ್, ಸೇಡಂ ತನಕ ಹಬ್ಬಿದೆ. ಈ ಸೀಮೆಯ ಕಲ್ಲುಗಳ ಬಗ್ಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲೇ ದೊಡ್ಡ ವರದಿ ಬರೆದ. ತಾಳಿಕೋಟಿ ಎಂದರೆ ನಮ್ಮವರಿಗೆ 1565ರ ಯುದ್ಧವಷ್ಟೇ ನೆನಪು, ಕಲ್ಲಿನ ಇತಿಹಾಸ ಯಾರಿಗೂ ಬೇಡ. ಈ ಕಲ್ಲಿನ ವಯಸ್ಸಿನ ಬಗ್ಗೆ ವಿಜ್ಞಾನಿಗಳ ಜಗ್ಗಾಟ ಇನ್ನೂ ಮುಗಿದಿಲ್ಲ. ನೂರು ಕೋಟಿ ವರ್ಷದ ಆಸುಪಾಸು ಎನ್ನುವವರಿದ್ದಾರೆ, ಅದಕ್ಕಿಂತ ಕಿರಿದು ಎನ್ನುವವರೂ ಇದ್ದಾರೆ.

ಮಕ್ಕಳು ಪರಸಿಯಲ್ಲಿ ಮೀನು, ಶಂಖ ಹುಡುಕುತ್ತಾರೆ. ಸಿಗುವುದಿಲ್ಲ. ಆ ಸಮುದ್ರದಲ್ಲಿ ಮೀನೂ ಇರಲಿಲ್ಲ, ಶಂಖವೂ ಇರಲಿಲ್ಲ. ಇದ್ದದ್ದು ಬ್ಯಾಕ್ಟೀರಿಯಾ, ಪಾಚಿ. ಕೃಷ್ಣೆ ದಾಟಿ ಕಲಾದಗಿ ಕಡೆ ಹೋದರೆ, ಅಂಥ ಸೂಕ್ಷ್ಮಜೀವಿಗಳು ಪದರು ಪದರಾಗಿ ಕಟ್ಟಿದ ಸ್ಟ್ರೊಮಾಟೊಲೈಟುಗಳು ಕಲ್ಲಾಗಿ ನಿಂತಿವೆ.

ಇಂಥ ಸೂಕ್ಷ್ಮಜೀವಿಗಳು ಬಿಟ್ಟ ಆಮ್ಲಜನಕ ಗಾಳಿಯಲ್ಲಿ ಮೊದಲು ಏರಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಆಮೇಲೆ ನೂರು ಕೋಟಿಗೂ ಹೆಚ್ಚು ವರ್ಷ ಅದು ಇಂದಿನದರ ಹತ್ತರಲ್ಲೊಂದು ಪಾಲಿಗಿಂತ ಕೆಳಗೇ ತೆವಳಿತು ಎಂದು ಬಹಳ ವಿಜ್ಞಾನಿಗಳ ಅಂದಾಜು. ಬಿಸಿಲಿತ್ತು, ನೀರಿತ್ತು, ಪಾಚಿಯೂ ಇತ್ತು. ಕೊರತೆ ಬಿದ್ದದ್ದು ಯಾವುದಕ್ಕೆ?

ರಂಜಕಕ್ಕೆ ಎನ್ನುವುದು ಇಂದು ಗಟ್ಟಿಯಾಗಿ ನಿಂತಿರುವ ಉತ್ತರಗಳಲ್ಲೊಂದು. ಜೀವಕೋಶದ ಡಿಎನ್‌ಎಗೆ ರಂಜಕ ಬೇಕು, ಶಕ್ತಿ ಹೊರುವ ಎಟಿಪಿಗೂ ಬೇಕು. ಸಾರಜನಕ ಸಾಲದಿದ್ದರೆ ಕೆಲವು ಬ್ಯಾಕ್ಟೀರಿಯಾಗಳು ಗಾಳಿಯಿಂದ ಹಿಡಿದುಕೊಳ್ಳುತ್ತವೆ. ರಂಜಕಕ್ಕೆ ಆ ದಾರಿಯಿಲ್ಲ. ಕಲ್ಲು ಮಳೆಗೆ ಸವೆಯಬೇಕು, ಹೊಳೆ ಹೊತ್ತು ತರಬೇಕು. ಸಮುದ್ರದ ಪಾಚಿಯ ಮೈಯಲ್ಲಿ ಸರಾಸರಿ 106 ಇಂಗಾಲದ ಪರಮಾಣುಗಳಿಗೆ ರಂಜಕದ್ದು ಒಂದು ಎಂಬ ಲೆಕ್ಕಕ್ಕೆ ಸಮುದ್ರ ವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ ಹೆಸರಿದೆ. ಅಂದರೆ ಆ ಒಂದು ಸಿಗದಿದ್ದರೆ ನೂರಾರರ ಕೆಲಸ ನಿಂತಂತೆ.

ಇನ್ನೊಂದು ತೊಡಕಿದೆ. ಪಾಚಿ ಬಿಟ್ಟ ಆಮ್ಲಜನಕವನ್ನು ಅದೇ ಪಾಚಿ ಕೊಳೆಯುವಾಗ ತಿಂದು ಮುಗಿಸುತ್ತದೆ. ಕೊಳೆಯದೆ ಕೆಸರಿನಲ್ಲಿ ಹೂತುಹೋದ ಪಾಚಿಯ ಪಾಲಿನದು ಮಾತ್ರ ಗಾಳಿಗೆ ಉಳಿತಾಯ.

ಆಗಿನ ಆಳದ ನೀರಿನಲ್ಲಿ ಆಮ್ಲಜನಕವಿಲ್ಲ, ಕರಗಿದ ಕಬ್ಬಿಣ ಹೇರಳ. ಅದಕ್ಕೂ ಹಿಂದಿನ ಸಮುದ್ರಗಳ ಕಬ್ಬಿಣವೇ ಸಂಡೂರಿನ ಅದಿರಾಗಿ ಕೂತಿರುವುದು. ಆಳದ ನೀರಿನಲ್ಲಿ ಕರಗಿದ ಕಬ್ಬಿಣ ರಂಜಕವನ್ನು ಹಿಡಿದು ತಳಕ್ಕೆ ಎಳೆಯುತ್ತಿತ್ತು. ರಂಜಕವಿಲ್ಲದೆ ಪಾಚಿ ಬಡಕಲು, ಪಾಚಿ ಬಡಕಲಾದರೆ ಆಮ್ಲಜನಕ ಕಡಿಮೆ, ಆಮ್ಲಜನಕ ಕಡಿಮೆಯಾದರೆ ಕಬ್ಬಿಣ ಮತ್ತೆ ಕರಗಿಯೇ ಉಳಿಯುತ್ತದೆ. ಗಾಣದ ಎತ್ತು ಸುತ್ತಿದಂತೆ ಕೋಟ್ಯಂತರ ವರ್ಷ ಇದೇ ಸುತ್ತು. ವಿಜ್ಞಾನಿ ಕ್ರಿಸ್ಟೋಫರ್ ರೈನ್‌ಹಾರ್ಡ್ ಮತ್ತು ಸಂಗಡಿಗರು ಜಗತ್ತಿನ ಹಳೆಯ ಕಡಲ ಕಲ್ಲುಗಳಲ್ಲಿನ ರಂಜಕವನ್ನು ಒಟ್ಟುಹಾಕಿ 2017ರಲ್ಲಿ ಪ್ರಕಟಿಸಿದ ಲೆಕ್ಕವೂ ಇದಕ್ಕೆ ಹೊಂದುತ್ತದೆ: ಸುಮಾರು 80 ಕೋಟಿ ವರ್ಷಗಳ ಹಿಂದಿನವರೆಗೆ ತೀರದ ಸಮುದ್ರದ ಕಲ್ಲುಗಳಲ್ಲಿ ರಂಜಕ ಅತ್ಯಲ್ಪ, ಆಮೇಲೆ ಏರಿಕೆ.

ಈ ಸುತ್ತಿನ ಬೀಗ ಹೇಗೆ ತೆರೆಯಿತು ಎಂಬುದಕ್ಕೆ ವಾದಗಳು ಹಲವು. ಗಂಧಕ ಹೆಚ್ಚಾದಲ್ಲಿ ಕಬ್ಬಿಣ ಗಂಧಕದ ಜೊತೆ ಕೂಡಿ, ರಂಜಕ ನೀರಿಗೆ ಬಿಡುಗಡೆಯಾಗುತ್ತದೆ ಎಂಬುದು ನನಗೆ ಹೆಚ್ಚು ಒಪ್ಪಿಗೆ. ಬಿಡುಗಡೆಯಾದದ್ದನ್ನು ತಿಂದು ಪಾಚಿ ಬೆಳೆಯಿತು, ಹೂತುಹೋಯಿತು, ಆಮ್ಲಜನಕ ಏರಿತು. ಏರಿದ ಮೇಲೆ ತಳದ ಕೆಸರಿನ ಕಬ್ಬಿಣ ತುಕ್ಕಾಗಿ ರಂಜಕವನ್ನು ಮತ್ತೆ ಹಿಡಿದು ಅತಿಯಾಗದಂತೆ ತಡೆಯುತ್ತದೆ.

ಇದೆಲ್ಲ ನಮಗೇಕೆ ಎಂದರೆ, ರಂಜಕದ ಗೊಬ್ಬರವಾದ ಡಿಎಪಿಯ ಬಗ್ಗೆ ನಮ್ಮೂರಿನ ಹಿರಿಯ ಒಕ್ಕಲಿಗರೊಬ್ಬರು ಕೇಳಿದ್ದೂ ರಂಜಕ ಎಲ್ಲಿ ಹೋಯಿತು ಎಂಬ ಪ್ರಶ್ನೆಯನ್ನೇ: "ಮಾಸ್ತರ್ರ, ಹ್ವಾದ ವರ್ಷ ಹಾಕಿದ ಡಿಎಪಿ ಎಲ್ಲಿ ಹೋತ್ರಿ?"

"ಎಲ್ಲೀ ಹೋಗಿಲ್ಲರಿ ಯಜಮಾನ್ರ, ಬಾಳಷ್ಟು ನಿಮ್ಮ ಹೊಲದಾಗ ಐತಿ. ಸುಣ್ಣ ಹಿಡ್ಕೊಂಡೈತಿ."

ನಮ್ಮ ಎರೆ ಭೂಮಿಯಲ್ಲಿ ಸುಣ್ಣ ಹೆಚ್ಚು. ಸಮುದ್ರದಲ್ಲಿ ಕಬ್ಬಿಣ ಮಾಡಿದ ಕೆಲಸವನ್ನು ಇಲ್ಲಿ ಸುಣ್ಣ ಮಾಡುತ್ತದೆ. ಹಾಕಿದ ರಂಜಕದ ದೊಡ್ಡ ಪಾಲು ಆ ಹಂಗಾಮಿನ ಬೆಳೆಗೆ ದಕ್ಕುವುದೇ ಇಲ್ಲ. ಮಣ್ಣಿನ ಜೊತೆ ಕೊಚ್ಚಿಹೋದದ್ದು ಕೆರೆ ಸೇರಿ ಪಾಚಿ ಬೆಳೆಸುತ್ತದೆ. ಆ ಪಾಚಿ ಕೊಳೆತು ನೀರಿನ ಆಮ್ಲಜನಕ ತೀರಿದ ದಿನ ಮೀನು ಸತ್ತು ತೇಲುತ್ತವೆ.

ಡಿಎಪಿ ಚೀಲದ ರಂಜಕ ಬರುವುದೂ ಹೆಚ್ಚಾಗಿ ಹಳೆಯ ಸಮುದ್ರಗಳ ತಳದಿಂದಲೇ. ಉದಯಪುರದ ಬಳಿಯ ಝಾಮರಕೋಟ್ರಾದಲ್ಲಿ ಸ್ಟ್ರೊಮಾಟೊಲೈಟುಗಳೊಳಗೇ ಅಂಥ ಕಲ್ಲಿದೆ. ಆದರೂ ದೇಶಕ್ಕೆ ಬೇಕಾದ ಹೆಚ್ಚಿನ ಪಾಲು ಹೊರಗಿನಿಂದ ಬರಬೇಕು. ಆದ್ದರಿಂದ ಹಿಂಗಾರಿ ಬಿತ್ತನೆಗೆ ಮುಂಚೆ ಹೊಲದ ಮಣ್ಣಿನ ಮಾದರಿಯನ್ನು ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ. ರಂಜಕ ಸಾಕಷ್ಟಿದ್ದರೆ ಚೀಲದ ದುಡ್ಡು ಉಳಿಸಿ, ತಿಪ್ಪೆ ಗೊಬ್ಬರದ ಜೊತೆ ರಂಜಕ ಕರಗಿಸುವ ಬ್ಯಾಕ್ಟೀರಿಯಾದ ಜೈವಿಕ ಗೊಬ್ಬರ ಹಾಕಿ ನೋಡಿ.