ಕವನ ಸಂಕಲನಕ್ಕೆ ಯಾವ ಕಾಗದ?

ಪ್ರಶ್ನೆ: ಮೊದಲ ಕವನ ಸಂಕಲನ ಅಚ್ಚು ಹಾಕಿಸುತ್ತಿದ್ದೇನೆ. ಹೊಳಪಿನ ಆರ್ಟ್ ಪೇಪರ್ ಬಳಸಲೇ?

ಉತ್ತರ: ಬೇಡ. ಅದು ಬಣ್ಣದ ಚಿತ್ರಗಳಿಗೆ ಸರಿ; ಓದುವಾಗ ದೀಪದ ಬೆಳಕು ಪ್ರತಿಫಲಿಸಿ ಕಣ್ಣು ದಣಿಯುತ್ತದೆ. ಒಳಪುಟಗಳಿಗೆ 80 ಜಿಎಸ್‌ಎಂ ಮ್ಯಾಪ್ಲಿಥೊ ಎಂಬ ಹೊಳಪಿಲ್ಲದ ಕಾಗದ ಸಾಕು, ಅಂದರೆ ಒಂದು ಚದರ ಮೀಟರ್ ಹಾಳೆಗೆ 80 ಗ್ರಾಂ ತೂಕ. ನನ್ನನ್ನು ಕೇಳಿದರೆ, ಅಚ್ಚ ಬಿಳಿಗಿಂತ ತುಸು ಹಳದಿ ಬೆರೆತ ನ್ಯಾಚುರಲ್ ಶೇಡ್ ಚೆನ್ನ. ಕವನದ ಪುಟದಲ್ಲಿ ಖಾಲಿ ಜಾಗವೇ ಹೆಚ್ಚು. ಹಾಳೆ ತೆಳುವಾದರೆ ಹಿಂಬದಿಯ ಸಾಲುಗಳು ಅಲ್ಲೇ ಇಣುಕುತ್ತವೆ. ಹಾಗಾಗಿ ದುಡ್ಡು ಉಳಿಸಲೆಂದು 60ಕ್ಕೆ ಇಳಿಯಬೇಡಿ. ರಕ್ಷಾಪುಟಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್ ಇರಲಿ.

ಕಾಗದದ ನಾರಿನ ದಿಕ್ಕು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಬೇಕೆಂದು ಮುದ್ರಕರಿಗೆ ಮೊದಲೇ ಹೇಳಿ. ಅಡ್ಡವಾದರೆ ಪುಟಗಳು ಸೆಟೆದುಕೊಂಡು, ಪುಸ್ತಕ ಸರಾಗವಾಗಿ ತೆರೆದುಕೊಳ್ಳುವುದಿಲ್ಲ.